ತೂಕದ ಕೋಣೆಯ ಪರದೆ

ಪಂಪಾಪತಿ ತನಗೆ ಕಲಿಸುತ್ತಿದ್ದ ಇಂದುಮತಿಯವರನ್ನು ಕೇಳಿದ: "ಮೇಡಂ, ನಮ್ಮ ಫ್ರೇಮ್‌ವರ್ಕ್ ಮುಕ್ತ ತಂತ್ರಾಂಶ. ಜನರ ಕಣ್ಣಿಗೆ ಬೀಳುವ ಪರದೆಯನ್ನು ಯಾವುದರಿಂದ ಬೇಕಾದರೂ ಕಟ್ಟಬಹುದು. ಹೊಲಿಗೆ ಕಾರ್ಖಾನೆಯವರಿಗೆ ಒಂದು ಪರದೆ ಮಾಡಿಕೊಡಬೇಕಿದೆ. ಪರದೆ ಕಟ್ಟುವ ಸಲಕರಣೆಗಳಲ್ಲಿ ನಾನು ರಿಯಾಕ್ಟ್ ಕಲಿಯಲೋ, ವ್ಯೂ ಕಲಿಯಲೋ, ಹಳೆಯ ಜೆಕ್ವೆರಿಯೇ ಸಾಕೋ?"

ಇಂದುಮತಿಯವರು ಕನ್ನಡಕ ತೆಗೆದಿಟ್ಟು ಈ ಕತೆ ಹೇಳಿದರು.

ಒಬ್ಬ ಪ್ರೋಗ್ರಾಮರ್ ಇದ್ದ. ಅಕ್ಕಿ ಗಿರಣಿಯ ಮಾಲೀಕರೊಬ್ಬರು ಅವನನ್ನು ಕರೆಸಿದರು. ಗಿರಣಿಯಲ್ಲಿ ಇದೇ ಮುಕ್ತ ತಂತ್ರಾಂಶ ಆಗಲೇ ನಡೆಯುತ್ತಿತ್ತು. ಗೇಟಿನಲ್ಲಿ ಭತ್ತದ ಲಾರಿ ತೂಗಿದಾಗ ಲಾರಿಯ ನಂಬರು, ತೂಕ, ತೇವಾಂಶ ತುಂಬಲು ಒಂದು ಪರದೆ ಬೇಕು, ಸುಗ್ಗಿಗೆ ಮೊದಲು ಸಿದ್ಧವಾಗಬೇಕು ಎಂದರು. ಸುಗ್ಗಿಗೆ ಇನ್ನೂ ಮೂರು ತಿಂಗಳಿತ್ತು.

ಅವನು ಒಂದು ಸಲಕರಣೆ ಆರಿಸಿಕೊಂಡು ತಿಂಗಳು ಕಲಿತ. ಅರ್ಧ ಪರದೆ ಎದ್ದು ನಿಂತಿತು. ಅಷ್ಟರಲ್ಲಿ ಗೆಳೆಯನೊಬ್ಬ, ಇನ್ನೂ ಅದರಲ್ಲೇ ಇದ್ದೀಯಾ ಎಂದು ನಕ್ಕ. ಅವನಿಗೆ ಅವಮಾನವಾಯಿತು. ಕಟ್ಟಿದ್ದನ್ನು ಕೆಡವಿ, ಗೆಳೆಯ ಹೇಳಿದ್ದನ್ನು ಕಲಿಯಲು ಕುಳಿತ. ಎರಡನೆಯ ತಿಂಗಳು ಹಾಗೆ ಹೋಯಿತು. ಆಮೇಲೆ ಅದಕ್ಕಿಂತ ಹೊಸದೊಂದು ಬಂದಿದೆಯೆಂದು ಎಲ್ಲೋ ಓದಿದ. ಅದನ್ನೂ ಕಲಿತ. ಈ ಸಲ ಪರದೆ ಸೊಗಸಾಗಿ ಬಂತು. ತೂಕ ತುಂಬಿದರೆ ಪುಟ್ಟ ಲಾರಿಯೊಂದು ಎಡದಿಂದ ಬಲಕ್ಕೆ ಹೊಗೆ ಬಿಡುತ್ತಾ ಓಡುತ್ತಿತ್ತು. ಆ ಹೊಗೆಯೊಂದಕ್ಕೇ ಹನ್ನೊಂದು ದಿನ ಹಿಡಿದಿತ್ತು. ಅದನ್ನು ಮತ್ತೆ ಮತ್ತೆ ಓಡಿಸಿ ಒಬ್ಬನೇ ಹಿಗ್ಗುತ್ತಿದ್ದ.

ಗಿರಣಿಗೆ ಹೋಗುವಷ್ಟರಲ್ಲಿ ಸುಗ್ಗಿ ಶುರುವಾಗಿ ನಾಲ್ಕು ದಿನವಾಗಿತ್ತು. ಲಾರಿಗಳು ಊರಾಚೆವರೆಗೆ ನಿಂತಿರುತ್ತವೆ, ಮಾಲೀಕರು ಎಲ್ಲರೆದುರು ಬೈಯುತ್ತಾರೆ ಎಂದು ದಾರಿಯುದ್ದಕ್ಕೂ ಹೆದರುತ್ತಲೇ ಬಂದ. ನೋಡಿದರೆ ಸಾಲೇ ಇಲ್ಲ. ಮಾಲೀಕರಿಗೆ ಅವನ ಗುರುತೂ ಹತ್ತಲಿಲ್ಲ. ತೂಕದ ಕೋಣೆಯಲ್ಲಿ ಹಾಲಮ್ಮ ಎಂಬ ಹೆಂಗಸು ಕಂಪ್ಯೂಟರಿನ ಮುಂದೆ ಕುಳಿತು ಲಾರಿಯ ಹಿಂದೆ ಲಾರಿ ಒಳಗೆ ಬಿಡುತ್ತಿದ್ದಳು. ಪರದೆಯ ಮೇಲೆ ಮೂರೇ ಮೂರು ಖಾನೆ.

ಅವನು ಹತ್ತಿರ ಹೋಗಿ ಕೇಳಿದ: "ಇದನ್ನು ಯಾವುದರಲ್ಲಿ ಕಟ್ಟಿದಿರಿ, ಅಮ್ಮಾ?"

"ಕಟ್ಟೋದೇನು ಬಂತು ಸಾರ್? ಇದರೊಳಗೇ 'ಹೊಸ ಫಾರ್ಮ್' ಅಂತ ಇತ್ತು. ಒತ್ತಿದೆ."

ಅವನು ಧೈರ್ಯ ಮಾಡಿ ತನ್ನ ಪರದೆ ತೆರೆದು ಲಾರಿ ಓಡಿಸಿದ. ಹಾಲಮ್ಮ ಗಲ್ಲಕ್ಕೆ ಕೈಯಿಟ್ಟು ಕೊನೆಯವರೆಗೂ ನೋಡಿದಳು.

"ಚೆನ್ನಾಗೈತೆ. ಇದು ಆ ಕಡೆ ಮುಟ್ಟೋವರೆಗೂ ನಾನು ಸುಮ್ಮನೆ ಕೂರಬೇಕಾ?"

ಅವನು ಲ್ಯಾಪ್‌ಟಾಪ್ ಮುಚ್ಚಿದ. ಹೋಗಲು ಮನಸ್ಸಾಗದೆ ಅಲ್ಲೇ ಸ್ಟೂಲಿನ ಮೇಲೆ ಕುಳಿತ. ಆಗ ಕಂಡಿತು: ಕಿಟಕಿಯ ಬಿಸಿಲಿಗೆ ಅಕ್ಷರ ಕಾಣದೆ, ಪ್ರತಿ ಲಾರಿಗೂ ಆಕೆ ಸೆರಗನ್ನು ಕಂಪ್ಯೂಟರಿನ ಮೇಲೆ ಹೊದಿಸಿ, ತಾನೂ ಅದರೊಳಗೆ ತಲೆ ತೂರಿಸಿ ಓದುತ್ತಿದ್ದಳು. ಅವನು ಹಳೆಯ ಜೆಕ್ವೆರಿಯಲ್ಲೇ ಹತ್ತು ಸಾಲು ಬರೆದು ಅಕ್ಷರಗಳನ್ನು ದಪ್ಪಗೆ, ಕಪ್ಪಗೆ ಮಾಡಿದ. ಊಟದ ಹೊತ್ತಿಗೆ ಕೆಲಸ ಮುಗಿದಿತ್ತು. ಹಾಲಮ್ಮ ಸೆರಗು ಸಿಕ್ಕಿಸಿಕೊಂಡು ನೆಟ್ಟಗೆ ಕುಳಿತಳು.

ಕತೆ ಮುಗಿಯಿತು. ಪಂಪಾಪತಿಯ ಮುಖ ಅರಳಿತು. "ತಿಳಿಯಿತು ಮೇಡಂ. ಜೆಕ್ವೆರಿಯನ್ನೇ ಕಲಿಯುತ್ತೇನೆ."

ಇಂದುಮತಿಯವರು ಕನ್ನಡಕ ಹಾಕಿಕೊಂಡರು. "ಹೊಲಿಗೆ ಕಾರ್ಖಾನೆಯಲ್ಲಿ ಆ ಪರದೆಯ ಮುಂದೆ ಕೂರುವವರ ಹೆಸರೇನಪ್ಪಾ?"