ಕುಂಬಾರನ ಹಿಡಿಯಕ್ಕಿ

"ಅಯ್ಯನವರೇ, ದೇವರನ್ನು ನಂಬದವನು ನಮ್ಮ ಸಭೆಯಲ್ಲಿ ಕೂಡಿಕೊಳ್ಳಬಹುದೇ?"

ಹೀಗೆ ಕೇಳಿದವನು ಎಲೀಷ. ಓದು ಮುಗಿಸಿ ಕಡಲ ಕಡೆಯ ಒಂದು ಸಣ್ಣ ಕ್ರೈಸ್ತ ಸಭೆಗೆ ಬೋಧಕನಾಗಿ ಹೋಗಿದ್ದ ಹೊಸಬ. ತನಗೆ ವೇದಪಾಠ ಹೇಳಿಕೊಟ್ಟ ಮುದಿ ಅಯ್ಯನವರ ಬಳಿಗೆ ಓಡಿ ಬಂದಿದ್ದ. ಮುಖದಲ್ಲಿ ನಿದ್ದೆಗೆಟ್ಟ ಕಳೆ ಇತ್ತು.

"ಯಾರಪ್ಪಾ ಅವನು?" ಎಂದರು ಅಯ್ಯನವರು.

"ಐತಪ್ಪ ಎಂದು, ಗಾರೆ ಕೆಲಸದ ಮೇಸ್ತ್ರಿ. ನನಗೆ ಯಾವ ದೇವರ ಮೇಲೂ ನಂಬಿಕೆ ಇಲ್ಲ ಎಂದು ಬಾಯಿಬಿಟ್ಟು ಹೇಳುತ್ತಾನೆ. ಆದರೂ ಪ್ರತಿ ಭಾನುವಾರ ಎಲ್ಲರಿಗಿಂತ ಮೊದಲು ಬಂದು ಬೆಂಚುಗಳನ್ನು ಒರೆಸುತ್ತಾನೆ. ಸಭೆಯಲ್ಲಿ ಯಾರು ತೀರಿಕೊಂಡರೂ ಪೆಟ್ಟಿಗೆಗೆ ಹೆಗಲು ಕೊಡುತ್ತಾನೆ. ರೊಟ್ಟಿ, ದ್ರಾಕ್ಷಾರಸ ಹಂಚುವ ಕರ್ತನ ಭೋಜನದ ಹೊತ್ತಿಗೆ ಮಾತ್ರ ತಾನಾಗಿಯೇ ಹೊರಗೆ ಹೋಗಿ ನಮ್ಮ ಚಪ್ಪಲಿಗಳನ್ನು ಸಾಲಾಗಿ ಇಡುತ್ತಾನೆ. ಸಭೆ ನಡೆಸುವ ಹಿರಿಯರಿಗೆ ಇದು ಸರಿ ಕಾಣುತ್ತಿಲ್ಲ. ಇನ್ನು ಬರಬೇಡ ಎಂದು ಈ ಭಾನುವಾರ ನಾನೇ ಅವನಿಗೆ ಹೇಳಬೇಕಂತೆ. ಹೇಳಲೋ, ಬಿಡಲೋ?"

ಅಯ್ಯನವರಿಗೆ ನಗು ಬಂತು. "ಬೈಬಲಿನಿಂದ ವಾಕ್ಯ ತೆಗೆದು ಕೊಟ್ಟರೆ ನೀನು ಇನ್ನೊಂದು ವಾಕ್ಯ ತೆಗೆಯುತ್ತೀಯ. ಅದನ್ನು ಕಲಿಸಿದವನು ನಾನೇ. ಕೂತುಕೋ, ಕತೆ ಕೇಳು" ಎಂದು ಶುರು ಮಾಡಿದರು.

ಒಂದು ಊರಿನಲ್ಲಿ ಒಂದು ಸಭೆ ಇತ್ತು. ದೊಡ್ಡ ಸಭೆಯೇನಲ್ಲ. ಅಲ್ಲಿ ಹಿಡಿಯಕ್ಕಿಯ ಪದ್ಧತಿ ಇತ್ತು. ಭಾನುವಾರ ಆರಾಧನೆಗೆ ಬರುವಾಗ ಪ್ರತಿ ಮನೆಯವರೂ ಒಂದು ಹಿಡಿ ಅಕ್ಕಿ ತರಬೇಕು. ಬಾಗಿಲ ಬಳಿ ಇಟ್ಟ ಬುಟ್ಟಿಗೆ ಅದನ್ನು ಸುರಿಯಬೇಕು. ಆ ಅಕ್ಕಿಯನ್ನು ದೇವರ ಮುಂದೆ ಇಟ್ಟು ಪ್ರಾರ್ಥಿಸಿ, ಯಾರ ಮನೆಯಲ್ಲಿ ಒಲೆ ಉರಿಯುವುದಿಲ್ಲವೋ ಅವರ ಮನೆಗೆ ಮುಟ್ಟಿಸುತ್ತಿದ್ದರು. ಬೇರೆ ಯಾರೂ ಅದರಿಂದ ಒಂದು ಕಾಳನ್ನೂ ತೆಗೆಯುವಂತಿರಲಿಲ್ಲ.

ಆ ಸಭೆಗೆ ಒಬ್ಬ ಕುಂಬಾರ ಬರುತ್ತಿದ್ದ. ಅವನಿಗೆ ದೇವರಲ್ಲಿ ನಂಬಿಕೆ ಇರಲಿಲ್ಲ. ಹಾಡಿನಲ್ಲಿ ಬಹಳ ನಂಬಿಕೆ ಇತ್ತು. ಹಿಂದಿನ ಬೆಂಚಿನಲ್ಲಿ ಕೂತು, ಎಲ್ಲರಿಗಿಂತ ಒಂದು ಸಾಲು ಮುಂದೆ, ಎಲ್ಲರಿಗಿಂತ ದೊಡ್ಡ ಸ್ವರದಲ್ಲಿ ಹಾಡುತ್ತಿದ್ದ. ರಾಗಕ್ಕೂ ಅವನಿಗೂ ಎಣ್ಣೆ ಸೀಗೆಕಾಯಿ. ಯಾಕೆ ಬರುತ್ತೀ ಎಂದು ಯಾರಾದರೂ ಕೇಳಿದರೆ, "ನನಗೆ ದೇವರ ಪರಿಚಯ ಇಲ್ಲ. ನಿಮ್ಮ ಪರಿಚಯ ಉಂಟಲ್ಲ, ಅಷ್ಟು ಸಾಕು" ಎನ್ನುತ್ತಿದ್ದ. ಎಲ್ಲರಂತೆ ತಾನೂ ಒಂದು ಹಿಡಿ ಅಕ್ಕಿ ತಂದು ಬುಟ್ಟಿಗೆ ಸುರಿಯುತ್ತಿದ್ದ.

ಒಂದು ವರ್ಷ ಸಭೆಗೆ ಹೊಸ ಹಿರಿಯನೊಬ್ಬ ಆಯ್ಕೆಯಾದ. ಹೊಸದರಲ್ಲಿ ಅಗಸ ಗೋಣಿಯನ್ನು ಎತ್ತಿ ಎತ್ತಿ ಒಗೆದನಂತೆ. ಈ ಹಿರಿಯನೂ ಹಾಗೆಯೇ. ಮನುಷ್ಯ ಕೆಟ್ಟವನಲ್ಲ, ತುಂಬ ನೇರ. ನೇರ ಎಂದರೆ ಗೋಡೆ ಎದುರಾದರೂ ತಿರುಗದಷ್ಟು ನೇರ. ನಂಬದವನ ಅಕ್ಕಿ ದೇವರಿಗೆ ಹೇಗೆ ಸಲ್ಲುತ್ತದೆ ಎಂದು ಅವನಿಗೆ ಅನ್ನಿಸಿತು. ಭಾನುವಾರ ಬೆಳಿಗ್ಗೆ ಬುಟ್ಟಿಯ ಬಳಿ ಹೋಗಿ ಕಾವಲು ನಿಂತ.

ಅವನು ಬೇರೆ ಯಾರೊಡನೆಯೋ ಮಾತಾಡುತ್ತಿದ್ದಾಗ ಕುಂಬಾರ ಬಂದು ಅಕ್ಕಿ ಸುರಿದೇಬಿಟ್ಟ.

"ಛೇ, ನಿನ್ನ ಅಕ್ಕಿ ಇದರಲ್ಲಿ ಸೇರಬಾರದಿತ್ತು. ತೆಗೆಯಬೇಕು" ಎಂದ ಹಿರಿಯ.

ಹೇಳುವುದು ಸುಲಭ. ಊರಿಗೆಲ್ಲ ಒಂದೇ ಕುಚ್ಚಲಕ್ಕಿ, ಯಾವ ಕಾಳು ಯಾರದೆಂದು ಹೇಳುವವರು ಯಾರು? ಹಿರಿಯ ತಾನೇ ಬುಟ್ಟಿಗೆ ಕೈ ಹಾಕಿ ಒಂದು ಹಿಡಿ ತೆಗೆದ. ನೋಡಿದರೆ ಕುಂಬಾರನ ಕೈ ದೊಡ್ಡದು, ತನ್ನದು ಚಿಕ್ಕದು. ಒಂದು ಹಿಡಿ ತೆಗೆದರೆ ನಂಬದವನ ಅಕ್ಕಿ ಒಳಗೇ ಉಳಿಯುತ್ತದೆ. ಎರಡು ಹಿಡಿ ತೆಗೆದರೆ ದೇವರ ಅಕ್ಕಿ ಹೊರಗೆ ಬರುತ್ತದೆ. ನೇರ ಮನುಷ್ಯನಿಗೆ ಎರಡೂ ಆಗದು. ಬೆವರಿಬಿಟ್ಟ. ಕೊನೆಗೆ ತೆಗೆದದ್ದನ್ನು ಬುಟ್ಟಿಗೇ ಹಾಕಿ, "ನಿನ್ನ ಕೈಯಿಂದಲೇ ನಿನ್ನ ಹಿಡಿ ತೆಗೆದುಕೊಂಡು ಹೋಗು. ಮುಂದಿನ ವಾರದಿಂದ ಬರಬೇಡ" ಎಂದ.

ಕುಂಬಾರ ನಕ್ಕ. ಬುಟ್ಟಿಗೆ ಕೈ ಹಾಕಿ ಒಂದು ಹಿಡಿ ತೆಗೆದು, ಬಟ್ಟೆಯ ತುದಿಯಲ್ಲಿ ಕಟ್ಟಿಕೊಂಡು ಹೋದ. ನಕ್ಕರೂ ಅವನಿಗೆ ನೋವಾಗಿತ್ತು. ಅಂದು ಸಭೆಯಲ್ಲಿ ಹಾಡು ರಾಗಬದ್ಧವಾಗಿತ್ತು, ಯಾಕೋ ಬೇಗ ಮುಗಿದು ಹೋಯಿತು.

ಹಿರಿಯ ಮನೆಗೆ ಹೋಗಿ ಕೈಕಾಲು ತೊಳೆದು ಊಟಕ್ಕೆ ಕೂತ. ತನ್ನ ನ್ಯಾಯವನ್ನು ಹೆಂಡತಿಗೆ ಹೇಳಿಕೊಂಡ. ಬಡಿಸಲು ಬಂದವಳು ಸೌಟು ಹಿಡಿದು ನಿಂತುಬಿಟ್ಟಳು.

"ಅಲ್ಲ ಇವರೇ, ಬುಟ್ಟಿಯಲ್ಲಿ ಎಲ್ಲ ಬೆರೆತಿತ್ತಲ್ಲ. ಅವ ತೆಗೆದುಕೊಂಡು ಹೋದ ಹಿಡಿಯಲ್ಲಿ ನಾನು ಹಾಕಿದ ಅಕ್ಕಿಯೂ ಇರಲಿಕ್ಕಿಲ್ಲವಾ? ದೇವರಿಗೆ ಕೊಟ್ಟದ್ದನ್ನು ನೀವೇ ನಿಂತು ಹೊರಗೆ ಕಳಿಸಿದಿರಾ?"

ಹಿರಿಯನ ಮುಖ ಇಂಗು ತಿಂದ ಮಂಗನ ಹಾಗಾಯಿತು. ಹೌದು, ಊರವರ ಕಾಣಿಕೆ ಕುಂಬಾರನ ಮನೆಗೆ ಹೋಗಿತ್ತು. ಕುಂಬಾರನ ಅಕ್ಕಿ ದೇವರ ಬುಟ್ಟಿಯಲ್ಲೇ ಉಳಿದಿತ್ತು. ಬೇರೆ ಮಾಡಲು ಹೋಗಿ ಎರಡೂ ಕಡೆ ಕೆಡಿಸಿಟ್ಟಿದ್ದ. ಉಣ್ಣದೆ ಎದ್ದು, ಬಿಸಿಲಿನಲ್ಲಿ, ಚಪ್ಪಲಿಯನ್ನೂ ಮರೆತು ಓಡಿದ.

ಕುಂಬಾರ ಒಲೆಯ ಮುಂದೆ ಕೂತಿದ್ದ.

"ಆ ಅಕ್ಕಿ ಎಲ್ಲಿ? ಅದನ್ನು ವಾಪಸು ಬುಟ್ಟಿಗೆ ಹಾಕಬೇಕು" ಎಂದ ಹಿರಿಯ, ಏದುಸಿರು ಬಿಡುತ್ತ.

"ಮನೆಯ ಅಕ್ಕಿಯ ಒಟ್ಟಿಗೆ ಸೇರಿಸಿ ಬೇಯಲಿಕ್ಕೆ ಇಟ್ಟೆ. ಈಗ ಗಂಜಿ ಆಗಿದೆ. ಇನ್ನು ಅದರಲ್ಲಿ ನಿಮ್ಮದು ಯಾವುದು, ನನ್ನದು ಯಾವುದು ಅಂತ ನೀವೇ ಹುಡುಕಿ. ಅದಕ್ಕೆ ಮೊದಲು ಕೂತುಕೊಳ್ಳಿ, ನಿಮಗೆ ಹಸಿವಾಗಿದೆ."

ಹಿರಿಯನಿಗೆ ನಿಜವಾಗಿಯೂ ಹಸಿವಾಗಿತ್ತು. ಕೂತ. ಕುಂಬಾರ ಎರಡು ಬಟ್ಟಲಿಗೆ ಗಂಜಿ ಬಡಿಸಿ, ಮಾವಿನ ಮಿಡಿ ಉಪ್ಪಿನಕಾಯಿ ಇಟ್ಟ. ಹಿರಿಯ ಅಭ್ಯಾಸದಂತೆ ಕಣ್ಣು ಮುಚ್ಚಿ ಕೈ ಜೋಡಿಸಿದ. ಕುಂಬಾರ ಪ್ರಾರ್ಥಿಸಲಿಲ್ಲ. ಆದರೆ ಅತಿಥಿಯ ಪ್ರಾರ್ಥನೆ ಮುಗಿಯದೆ ಬಟ್ಟಲು ಮುಟ್ಟಬಾರದೆಂದು ಕೈ ಕಟ್ಟಿ ಕಾದ.

"ಕರ್ತನೇ, ಈ ಊಟಕ್ಕಾಗಿ ಸ್ತೋತ್ರ. ಇದನ್ನು ಕೊಟ್ಟವರನ್ನು ಆಶೀರ್ವದಿಸು" ಎಂದ ಹಿರಿಯ. ದಿನವೂ ಹೇಳುವ ಮಾತೇ. ಅಂದು ಅಲ್ಲಿಗೆ ನಾಲಿಗೆ ನಿಂತುಹೋಯಿತು. ಕೊಟ್ಟವರು ಯಾರು? ತನ್ನ ಹೆಂಡತಿ, ಇಡೀ ಸಭೆ, ಎದುರಿಗೆ ಕೂತ ಈ ಕುಂಬಾರ. ತಾನು ಬರಬೇಡ ಎಂದವನನ್ನು ಆಶೀರ್ವದಿಸು ಎಂದು ದೇವರಿಗೆ ಹೇಳಿಯಾಗಿತ್ತು. ಆಡಿದ ಮಾತನ್ನು ಬಟ್ಟಲಿನಿಂದ ಹೆಕ್ಕಿ ತೆಗೆಯುವುದು ಹೇಗೆ? ಮುಚ್ಚಿದ ಕಣ್ಣನ್ನು ತೆರೆಯಲು ಅವನಿಗೆ ನಾಚಿಕೆಯಾಯಿತು.

ಕುಂಬಾರ ಸ್ವಲ್ಪ ಹೊತ್ತು ಕಾದು ನೋಡಿದ. ಆಮೇಲೆ ಅವನೇ, "ಆಮೆನ್ ಹೇಳಿಬಿಡಿ ಮಾರಾಯ್ರೇ, ಗಂಜಿ ಆರ್ತದೆ" ಎಂದ.

ಹಿರಿಯ ಆಮೆನ್ ಎಂದ. ಕಣ್ಣು ತೆರೆದಾಗ ಇಬ್ಬರಿಗೂ ನಗು ತಡೆಯಲಾಗಲಿಲ್ಲ. ಹೊಟ್ಟೆ ತುಂಬ ಉಂಡರು. ಹಿರಿಯ ಎರಡನೆಯ ಸಲವೂ ಬಡಿಸಿಕೊಂಡ. ಹೊರಡುವಾಗ ಬಾಗಿಲಲ್ಲಿ ನಿಂತು, "ಭಾನುವಾರ ತಪ್ಪಿಸಬೇಡ. ಅಕ್ಕಿಯನ್ನೂ ತಾ. ಹಾಡುವುದು ಮಾತ್ರ ಸ್ವಲ್ಪ ಮೆಲ್ಲಗೆ" ಎಂದ.

ಅಯ್ಯನವರು ಕತೆ ನಿಲ್ಲಿಸಿದರು. ಎಲೀಷನೂ ನಗುತ್ತಿದ್ದ. ಆದರೆ ಅವನ ಸಮಾಧಾನ ಬಹಳ ಹೊತ್ತು ಉಳಿಯಲಿಲ್ಲ.

"ಕುಂಬಾರ ಕೊನೆಗೆ ದೇವರನ್ನು ನಂಬಿದನೇ ಅಯ್ಯನವರೇ?"

"ನಾನು ಕೇಳಿದ ಕತೆ ಗಂಜಿಗೇ ಮುಗಿಯುತ್ತದೆ."

"ಹಾಗಾದರೆ ಹಿರಿಯರು ಕೇಳಿದರೆ ಏನೆನ್ನಲಿ? ಐತಪ್ಪನಿಗೆ ನಾನು ಏನು ಹೇಳಲಿ?"

ಅಯ್ಯನವರು ಅವನ ಭುಜದ ಮೇಲೆ ಕೈ ಇಟ್ಟರು.

"ಅದಿರಲಿ ಮಗು, ಐತಪ್ಪನ ಮನೆಯಲ್ಲಿ ನೀನು ಒಂದು ಹೊತ್ತಾದರೂ ಉಂಡಿದ್ದೀಯಾ?"