ಮೊಳೆ ಹುಡುಕಲು ಹಡಗು ಹತ್ತಿದ ಅಧಿಕಾರಿ

"ಮನುಷ್ಯ ಮಾಡಿದ ಕಾನೂನು ಅಂದಮೇಲೆ ಮನುಷ್ಯ ನುಗ್ಗುವಷ್ಟು ಸಂದಿ ಇದ್ದೇ ಇರುತ್ತೆ, ಪ್ರಭು!"

ತುಂಬಿದ ಆಸ್ಥಾನದಲ್ಲಿ ಮಾಸ್ತಪ್ಪ ಮೀಸೆ ತಿರುವಿಕೊಂಡು ಹೀಗೆ ಹೇಳಿಬಿಟ್ಟ. ಕರಾವಳಿಯ ದೊರೆ ಸಂಗರಸನ ಆಸ್ಥಾನದಲ್ಲಿ ಪಂಡಿತರಿಗೇನೂ ಬರವಿರಲಿಲ್ಲ. ಆದರೆ ಮೀನು ಒಣಗಿಸುವ ಹಳ್ಳಿಯಲ್ಲಿ ಹುಟ್ಟಿ, ಬರೀ ಬಾಯಿಯ ಬಲದಿಂದ ಅರಮನೆ ಸೇರಿದವನು ಇವನೊಬ್ಬನೇ. ಹಳ್ಳಿಯ ಮಣ್ಣು ಅಂದರೆ ಹಾಗೆ. ಪಟ್ಟಣದವರು ಎಷ್ಟು ಜನ್ಮ ಎತ್ತಿದರೂ ಆ ಬಾಯಿ ಬರೋದಿಲ್ಲ ಬಿಡಿ.

ದೊರೆಗೆ ಅಂದು ತಲೆ ಬಿಸಿಯಾಗಿತ್ತು. ಕಾಳುಮೆಣಸು ಹೊತ್ತು ಚೀನಾಕ್ಕೆ ಹೋದ ಹಡಗುಗಳೆಲ್ಲ ಅಲ್ಲಿನ ಕಾನೂನಿಗೆ ಸಿಕ್ಕಿ ಬಂದರಿನ ಬಾಯಿಂದಲೇ ತಿರುಗಿ ಬಂದಿದ್ದವು. ಮಗಳ ಮದುವೆ ಹತ್ತಿರ ಬಂದರೂ ಒಂದು ಮೊಳ ರೇಷ್ಮೆ ಬಂದಿರಲಿಲ್ಲ.

"ಸಂದಿ ಇದೆ ಅಂತೀಯಲ್ಲ, ಈ ಸಲ ನೀನೇ ಹೋಗು," ಅಂದ ದೊರೆ. "ಬರಿಗೈಲಿ ಬಂದೆಯೋ, ಆ ಮೀಸೆ ಬೋಳಿಸಿ ಉಪ್ಪಿನ ಗದ್ದೆಗೆ ದುಡಿಯೋಕೆ ಹಾಕ್ತೀನಿ!"

"ಅಪ್ಪಣೆ ಪ್ರಭು. ಮೀಸೆಗೆ ಎಣ್ಣೆ ಹಚ್ಚಿಕೊಂಡೇ ಹೋಗ್ತೀನಿ."

ಹಡಗು ನಡೆಸುವವರು ತಾಂಡೇಲ ಇಸ್ಮಾಯಿಲ್ ಸಾಹೇಬರು. ಅವರಿಗೆ ಚೀನೀ ಮಾತು ನೀರು ಕುಡಿದಷ್ಟು ಸಲೀಸು. ಬಂದರು ಕಣ್ಣಿಗೆ ಬಿತ್ತೋ ಇಲ್ಲವೋ, ಒಂದು ದೋಣಿ ಬಂದು ಅಡ್ಡ ನಿಂತಿತು. ಅದರಲ್ಲಿ ಬಂದರಿನ ಅಧಿಕಾರಿ ಲಿಯಾಂಗ್. ದೋಣಿಯಲ್ಲಿ ನಿಂತೇ ಆತ ನಿಯಮ ಓದಿದ, ಸಾಹೇಬರು ಕನ್ನಡದಲ್ಲಿ ಹೇಳುತ್ತ ಹೋದರು.

"ತುಪಾಕಿ, ಮದ್ದು ಒಪ್ಪಿಸಬೇಕು. ಚುಕ್ಕಾಣಿ ಕಳಚಿ ದಡದಲ್ಲಿ ಇಡಬೇಕು. ಬಂದರಿನೊಳಗೆ ಹಾಡುವಂತಿಲ್ಲ. ಹಡಗಿನ ಕೋಳಿ ಕೂಗುವಂತಿಲ್ಲ."

"ಕೋಳಿಗೆ ಯಾರು ಹೇಳ್ತಾರಂತೆ, ಸಾಹೇಬರೇ?"

"ಸುಮ್ಮನಿರು ಮಾರಾಯ, ಮುಖ್ಯವಾದದ್ದು ಈಗ ಬಂತು. ಊರಿನವನೊಬ್ಬ ಜಾಮೀನು ನಿಂತು, ಅದಕ್ಕೆ ಈ ಅಧಿಕಾರಿ ಒಪ್ಪಿ ಮುದ್ರೆ ಒತ್ತಿದರೆ ಮಾತ್ರ ಹಡಗು ಒಳಗೆ. ಜಾಮೀನು ನಿಲ್ಲುವವನು ಹಡಗು ಹತ್ತಿ, ಮೂಲೆಮೂಲೆ ನೋಡಿರಬೇಕು."

"ನೋಡಲಿ, ಬೇಡ ಅಂದವರ್ಯಾರು?"

"ಜಾಮೀನಿಲ್ಲದ ಹಡಗು ಹತ್ತಿದವನು ಮತ್ತೆ ದಡಕ್ಕೆ ಇಳಿಯುವಂತಿಲ್ಲ!"

ಮಾಸ್ತಪ್ಪ ತಲೆ ಕೆರೆದುಕೊಂಡ. ಹತ್ತದೆ ಜಾಮೀನಿಲ್ಲ. ಹತ್ತಿದರೆ ಮನೆಯಿಲ್ಲ. ಯಾವ ಹುಚ್ಚ ಹತ್ತಾನು?

"ಇನ್ನು ಸ್ವಲ್ಪ ದಿನಕ್ಕೆ ಗಾಳಿ ತಿರುಗುತ್ತೆ," ಅಂದರು ಸಾಹೇಬರು. "ಅಷ್ಟರಲ್ಲಿ ವ್ಯಾಪಾರ ಮುಗಿಸದಿದ್ದರೆ ಬರಿಗೈಲೇ ಹೊರಡಬೇಕು. ನಿನ್ನ ಮೀಸೆ ಹೋಯ್ತು ಅಂತಲೇ ತಿಳಕೋ."

ಅಷ್ಟರಲ್ಲಿ ಲಿಯಾಂಗ್ ಕೊನೆಯ ಪ್ರಶ್ನೆ ಕೇಳಿದ. "ನಮ್ಮ ಕಬ್ಬಿಣ ಕದ್ದು ಸಾಗಿಸೋ ಕಳ್ಳರು ಬಹಳ. ಹೊರಡುವಾಗ ಲೆಕ್ಕ ನೋಡ್ತೀವಿ. ನಿಮ್ಮ ಹಡಗಿನಲ್ಲಿ ಎಷ್ಟು ಮೊಳೆ ಇವೆ?"

ಮಾಸ್ತಪ್ಪನ ಕಣ್ಣು ಮಿನುಗಿತು. "ಒಂದೂ ಇಲ್ಲ ಅನ್ನಿ, ಸಾಹೇಬರೇ."

ಅದೇನೂ ಸುಳ್ಳಲ್ಲ. ನಮ್ಮ ಕಡೆಯ ಹಳೇ ಹಡಗುಗಳಿಗೆ ಮೊಳೆ ಹೊಡೆಯುತ್ತಿರಲಿಲ್ಲ. ಹಲಗೆಗೆ ತೂತು ಕೊರೆದು, ತೆಂಗಿನ ನಾರಿನ ಹಗ್ಗದಿಂದ ಕೌದಿ ಹೊಲಿದಂತೆ ಹೊಲಿಯುತ್ತಿದ್ದರು. ಹೊಲಿದ ಹಡಗಿನಲ್ಲಿ ಸಮುದ್ರ ದಾಟುವುದಕ್ಕೆ ಎಂಟೆದೆ ಬೇಕು. ನಮ್ಮವರಿಗೆ ಇತ್ತು.

ಲಿಯಾಂಗ್ ಹೊಟ್ಟೆ ಹಿಡಿದು ನಕ್ಕ. "ಮೊಳೆಯಿಲ್ಲದ ಹಡಗೇ? ನನಗೇ ಟೋಪಿ ಹಾಕ್ತೀಯ?"

"ದೊಡ್ಡವರು ದೋಣಿಯಲ್ಲಿ ನಿಂತು ನಕ್ಕರೆ ನಾನೇನು ಹೇಳಲಿ?" ಅಂದ ಮಾಸ್ತಪ್ಪ. "ಪಾಪ, ಆ ವಯಸ್ಸಿಗೆ ಏಣಿ ಹತ್ತೋದು ಕಷ್ಟವೇ. ಕಣ್ಣೂ ಅಷ್ಟಕ್ಕಷ್ಟೇ ಇರಬೇಕು."

ಸಾಹೇಬರು ಅದನ್ನು ಒಂದಕ್ಷರ ಬಿಡದೆ ಚೀನೀ ಮಾತಿಗೆ ಇಳಿಸಿದರು. ಲಿಯಾಂಗನ ಮುಖ ಕೆಂಪಾಯಿತು. ಏಣಿಗೆ ಕೈ ಹಾಕಿದ.

"ಯಜಮಾನರೇ, ನಿಯಮ..." ಅಂತ ದೋಣಿಯವನು ಮೆಲ್ಲಗೆ ಅಂದ.

"ಬಾಯಿ ಮುಚ್ಚು! ಹತ್ತು ಮೊಳೆ ಕಿತ್ತು ಇವನ ಮೂತಿಗೆ ಎಸೆದು ಬರ್ತೀನಿ!"

ಹತ್ತಿದವನು ಹಡಗಿನ ಮುಂತುದಿಯಿಂದ ಹಿಂತುದಿಯವರೆಗೂ ಹುಡುಕಿದ. ಮೆಣಸಿನ ಮೂಟೆ ಸರಿಸಿ, ಸೀನಿ ಸೀನಿ ಹುಡುಕಿದ. ತಳದ ಕೊಳಕು ನೀರಿನಲ್ಲಿ ಮಂಡಿಯೂರಿ ಹಲಗೆ ತಡವಿದ. ಎಲ್ಲೆಲ್ಲೂ ಹಗ್ಗ, ಹಗ್ಗ, ಹಗ್ಗ. ಕಡೆಗೆ ಬೆವರು ಒರೆಸಿಕೊಳ್ಳುತ್ತ ಮೇಲೆ ಬಂದ.

"ಇಲ್ಲ. ಒಪ್ಪಿದೆ. ನಾನಿನ್ನು ಬರ್ತೀನಿ."

"ಎಲ್ಲಿಗೆ ಸ್ವಾಮೀ?" ಅಂದ ಮಾಸ್ತಪ್ಪ.

"ಮನೆಗೆ!"

"ಜಾಮೀನಿಲ್ಲದ ಹಡಗು ಹತ್ತಿದ್ದೀರಲ್ಲ?"

ಲಿಯಾಂಗ್ ಗುರುಗುಟ್ಟಿ ಏಣಿಯತ್ತ ನಡೆದ. ಕೆಳಗೆ ದೋಣಿಯವನು ಮೆಲ್ಲಗೆ ದೋಣಿಯನ್ನು ಹಿಂದಕ್ಕೆ ತಳ್ಳುತ್ತಿದ್ದ.

"ಎಲೋ, ದೋಣಿ ತಾರೋ!"

"ಆಗಲ್ಲ ಯಜಮಾನರೇ. ಪರದೇಶದ ಹಡಗಿನಿಂದ ಒಂದು ಬಾಳೆಹಣ್ಣು ಇಸಕೊಂಡೆ ಅಂತ ಹೋದ ವಾರ ತಾವೇ ನನ್ನ ಬೆನ್ನು ಸುಲಿಸಿದಿರಿ. ತಮ್ಮನ್ನು ಇಳಿಸಿಕೊಂಡರೆ ಪ್ರಾಣವೇ ಹೋದೀತು. ತಾವು ಬಾಳೆಹಣ್ಣಿಗಿಂತ ದಪ್ಪ ಇದ್ದೀರಿ."

ಲಿಯಾಂಗ್ ಬೈದ, ಕೂಗಿದ, ಗೋಗರೆದ. ಮಾಸ್ತಪ್ಪ ಚಾಪೆ ಹಾಸಿ, ಬಿಸಿ ಗಂಜಿ ತಂದಿಟ್ಟ.

"ಚಿಂತೆ ಯಾಕೆ ಸ್ವಾಮೀ? ನಮ್ಮ ಜೊತೆ ಬಂದುಬಿಡಿ. ನಮ್ಮ ದೊರೆಯ ಉಪ್ಪಿನ ಗದ್ದೆಯಲ್ಲಿ ಕೆಲಸಕ್ಕೆ ಜನ ಬೇಕಂತೆ."

"ಅಯ್ಯೋ, ಯಾರಾದರೂ ಈ ಹಡಗಿಗೆ ಜಾಮೀನು ನಿಲ್ಲಿರಪ್ಪಾ!"

"ಯಾರು ನಿಲ್ತಾರೆ? ಜಾಮೀನು ನಿಲ್ಲುವವನು ಊರಿನವನಾಗಬೇಕು, ಹಡಗು ಹತ್ತಿರಬೇಕು, ಮೂಲೆಮೂಲೆ ನೋಡಿರಬೇಕು." ಮಾಸ್ತಪ್ಪ ಗಲ್ಲ ಕೆರೆದುಕೊಂಡ. "ಅಂಥ ಪುಣ್ಯಾತ್ಮ ಈ ಬಂದರಿನಲ್ಲಿ ಯಾರಿದ್ದಾರೋ, ತಮಗೇನಾದರೂ ಗೊತ್ತೇ?"

ಲಿಯಾಂಗ್ ಗಂಜಿ ನೋಡಿದ. ಮಾಸ್ತಪ್ಪನ ಮೀಸೆ ನೋಡಿದ. ಸೊಂಟದ ಚೀಲದಿಂದ ಮುದ್ರೆ ತೆಗೆದು, ಜಾಮೀನಿನ ಕಾಗದಕ್ಕೆ ತಾನೇ ಒತ್ತಿದ.

ಹಡಗು ಬಂದರು ಹೊಕ್ಕಿತು. ಮೆಣಸು ಇಳಿಯಿತು, ರೇಷ್ಮೆ ಏರಿತು, ತಿರುಗಿದ ಗಾಳಿ ಅವರನ್ನು ಊರಿಗೆ ತಂದು ಬಿಟ್ಟಿತು.

ಆಸ್ಥಾನದಲ್ಲಿ ಕತೆ ಕೇಳಿ ಸಂಗರಸ ಸಿಂಹಾಸನದಿಂದ ಜಾರುವಷ್ಟು ನಕ್ಕ. ಕೈಯಲ್ಲಿದ್ದ ಚಿನ್ನದ ಕಡಗ ಕಳಚಿ ಮಾಸ್ತಪ್ಪನಿಗೆ ತೊಡಿಸಿದ.

"ಒಂದು ಮಾತು ಕೇಳ್ತೀನಿ, ನಿಜ ಹೇಳಬೇಕು. ಅಷ್ಟು ದೊಡ್ಡ ಹಡಗಿನಲ್ಲಿ ಒಂದೇ ಒಂದು ಮೊಳೆಯೂ ಇರಲಿಲ್ಲವೇನೋ?"

"ಒಂದಿತ್ತು ಪ್ರಭು. ಸಾಹೇಬರು ಅಂಗಿ ತಗಲಿಸೋಕೆ ಅಂತ ಕಂಬಕ್ಕೆ ಹೊಡೆದದ್ದು. ನಾನೂ ಅದನ್ನು ಮರೆತೇಬಿಟ್ಟಿದ್ದೆ."

"ಮತ್ತೆ ಆ ಅಧಿಕಾರಿಗೆ ಹೇಗೆ ಸಿಗಲಿಲ್ಲ?"

"ಸಿಕ್ಕಿತು ಪ್ರಭು, ಎಲ್ಲಕ್ಕಿಂತ ಮೊದಲು ಸಿಕ್ಕಿದ್ದೇ ಅದು. ಹಡಗು ಹತ್ತಿದವನೇ ತನ್ನ ಟೋಪಿ ತೆಗೆದು ಅದಕ್ಕೆ ತಗಲಿಸಿ, ಆಮೇಲೆ ಮೊಳೆ ಹುಡುಕೋಕೆ ಹೊರಟ!"