ತೊಟ್ಟಿಯ ಮೀನು, ಕುಂಟೆಯ ಮೀನು

"ಕುಂಟೆ ಮೀನಿಗೆ ತೌಡು ಹಾಕಿದ್ರಾ?"

ನನ್ನ ಹೆಂಡತಿ ದ್ಯಾವಮ್ಮ ಕೊನೆಗೆ ಕೇಳಿದ್ದು ಅಷ್ಟೆ. ಊರಾಚೆಯ ಆ ಪುಟ್ಟ ಕೆರೆಯ ಮೀನಿಗೆ ದಿನಾ ಅವಳೇ ಹಾಕುತ್ತಿದ್ದಳು. ನಾನು ಹಾಕಿರಲಿಲ್ಲ. ಹೂಂ ಅಂದೆ. ಅವಳು ಕಣ್ಣು ಮುಚ್ಚಿದಳು.

ತಿಥಿ ಮುಗಿಸಿ ಕೆಲಸಕ್ಕೆ ಹೋದೆ. ಊರ ಆಸ್ಪತ್ರೆಯಲ್ಲಿ ಕಸ ಗುಡಿಸುವವನು ನಾನು. ಡಾಕ್ಟರು ಅವಧಿ ಮುಗಿದ ಔಷಧಿಯ ಆರು ಡಬ್ಬ ತೋರಿಸಿದರು.

"ನಾಳೆ ಮೇಲಿನವರು ತಪಾಸಣೆಗೆ ಬರ್ತಾರೆ. ಎಲ್ಲಾ ಚರಂಡಿಗೆ ಸುರಿ."

"ಚರಂಡಿ ನೀರು ಕುಂಟೆಗೆ ಹೋಗುತ್ತೆ ಸ್ವಾಮಿ. ಮೀನು ಸಾಯ್ತವೆ."

"ನೀರಲ್ಲಿ ಕರಗಿದ ಮೇಲೆ ಏನೂ ಆಗಲ್ಲ. ಡಾಕ್ಟರು ನೀನೋ ನಾನೋ?"

"ನೀವೇ ಸ್ವಾಮಿ."

ಬಾಗಿಲ ಮುಂದೆ ಅವರದೊಂದು ತೊಟ್ಟಿ. ಅದರಲ್ಲಿ ಸೊಳ್ಳೆ ಮರಿ ತಿನ್ನುವ ಗಪ್ಪಿ ಮೀನು. ಮೇಲಿನವರಿಗೆ ತೋರಿಸೋಕೆ ಅಂತಲೇ ಸಾಕಿದ್ದು. ನಾನು ಡಬ್ಬದಿಂದ ಒಂದು ಔಷಧಿ ಬಾಟಲಿ ತಗೊಂಡು, ಮುಚ್ಚಳ ತೆಗೆದು ತೊಟ್ಟಿಯ ಮೇಲೆ ಬಗ್ಗಿದೆ.

ಡಾಕ್ಟರು ಓಡಿ ಬಂದು ಕೈ ಹಿಡಿದರು. "ಲೋ, ಮೀನು ಸತ್ತುಹೋಗ್ತವಲ್ಲೋ!"

"ಏನೂ ಆಗಲ್ಲ ಅಂದ್ರಲ್ಲ ಸ್ವಾಮಿ. ಮೊದಲು ಇಲ್ಲಿ ನೋಡೋಣ ಅಂತ."

ಅವರು ತೊಟ್ಟಿ ನೋಡಿದರು. ನನ್ನ ಬೋಳಿಸಿದ ತಲೆ ನೋಡಿದರು. ಆಮೇಲೆ ಮೆಲ್ಲಗೆ ಅಂದರು, "ಡಬ್ಬ ಕಟ್ಟಿಡು. ನಾಳೆ ಅವರ ಗಾಡೀಲೇ ವಾಪಸ್ ಕಳಿಸ್ತೀನಿ."

ಮಾರನೇ ದಿನ ಬೆಳಿಗ್ಗೆ ಒಂದು ಹಿಡಿ ತೌಡು ತಗೊಂಡು ಕುಂಟೆಗೆ ಹೋದೆ. ಮೀನೆಲ್ಲ ದಡಕ್ಕೆ ಬಂದವು.

"ಈಗ ಹಾಕಿದೆ ಕಣೇ" ಅಂದೆ.